ಟೋಪಿಯ ಸೂಜಿ

ಮೋಟಾರಿನ ಚರಿತ್ರೆಯನ್ನು ಕಾರ್ಲ್ ಬೆಂಜ್ 1886ರಲ್ಲಿ ಸಲ್ಲಿಸಿದ ಪೇಟೆಂಟಿನಿಂದ ಆರಂಭಿಸುವುದು ವಾಡಿಕೆ. ಆದರೆ ಆ ಯಂತ್ರ ದೂರದ ದಾರಿಯ ಪರೀಕ್ಷೆಗೆ ನಿಂತದ್ದು 1888ರ ಆಗಸ್ಟಿನಲ್ಲಿ. ಆತನ ಪತ್ನಿ ಬರ್ತಾ, ಪತಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳೊಡನೆ ಜರ್ಮನಿಯ ಮಾನ್‌ಹೈಮಿನಿಂದ ಸುಮಾರು 100 ಕಿಲೋಮೀಟರು ದೂರದ ಫೋರ್ಟ್ಸ್‌ಹೈಮಿಗೆ ಹೊರಟಳು.

ಇಂಧನದ ಕೊಳವೆಯಲ್ಲಿ ಕಸ ಕಟ್ಟಿತು; ಟೋಪಿಯ ಸೂಜಿಯಿಂದ ಬಿಡಿಸಿದಳು. ಕಿಡಿಯ ತಂತಿಯ ಹೊದಿಕೆ ಸವೆಯಿತು. ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಸಂಜೆಗೆ ಊರು ಮುಟ್ಟಿದಳು.

ಹೊರಡದ ಎಂಜಿನ್ನಿಗೆ ಕೇಳಬೇಕಾದ ಮೊದಲ ಪ್ರಶ್ನೆಗಳು ಇವೇ: ಇಂಧನ ಹರಿಯುತ್ತಿದೆಯೇ, ಕಿಡಿ ಹಾರುತ್ತಿದೆಯೇ? ಮನೆಯಲ್ಲೇ ಕಾರನ್ನು ಬಿಚ್ಚಿ ಜೋಡಿಸಿದವರು ದೂರದ ದೋಷವನ್ನು ಹುಡುಕುವ ಮುನ್ನ ತಮ್ಮ ಕೈ ಸೋಕಿದ ಕೊಳವೆಯನ್ನೂ ತಂತಿಯನ್ನೂ ನೋಡಬೇಕು. ಯಂತ್ರವಿದ್ಯೆಗೆ ಪೇಟೆಂಟು ಕೀರ್ತಿ ತಂದಿತು. ಈ ತಾಳ್ಮೆ ಅದನ್ನು ಊರು ಮುಟ್ಟಿಸಿತು.