ಸಾಗರಯಾನದ ಹಾಯಿದೋಣಿಯಲ್ಲಿ ದೈನಂದಿನ ಜೀವನ

ಗಾಳಿಯ ಬಲದಿಂದ ಚಲಿಸುವ ಸಣ್ಣ ನೌಕೆಯೊಂದು (ಯಾಟ್) ಮಹಾಸಾಗರವನ್ನು ದಾಟುವಾಗ ಅದರ ಸಿಬ್ಬಂದಿಯು ಕಾವಲು, ನಿದ್ರೆ, ಅಡುಗೆ, ನೀರಿನ ಬಳಕೆ ಮತ್ತು ದುರಸ್ತಿಗಳ ಒಂದು ಬಿಗಿಯಾದ ಕ್ರಮಕ್ಕೆ ಒಳಪಟ್ಟಿರುತ್ತದೆ. ಸಾಗರಯಾನವೆಂದೊಡನೆ ಬಿರುಗಾಳಿ ಮತ್ತು ಬೃಹತ್ ಅಲೆಗಳ ಚಿತ್ರ ಕಣ್ಣಮುಂದೆ ಬರುವುದು ಸಹಜ. ಆದರೆ ಯಾನದ ಬಹುಭಾಗ ಕಳೆಯುವುದು ಇಂಥ ಸಾಮಾನ್ಯ ಕೆಲಸಗಳಲ್ಲಿಯೇ. ಅವುಗಳಲ್ಲಿ ಲೋಪವಾದರೆ ಬಿರುಗಾಳಿಯಿಲ್ಲದೆಯೂ ಯಾನ ನಿಂತುಹೋಗಬಹುದು. ಭಾರತದ ಮಟ್ಟಿಗೆ ಇದರ ಪ್ರಸಿದ್ಧ ಉದಾಹರಣೆಗಳು ನೌಕಾಪಡೆಯ 'ಮ್ಹಾದೇಯಿ' ಮತ್ತು 'ತಾರಿಣಿ' ಎಂಬ ಹಾಯಿದೋಣಿಗಳ ಭೂಪ್ರದಕ್ಷಿಣೆಗಳು.

ಹಿನ್ನೆಲೆ

ಎರಡೂ ದೋಣಿಗಳು ಗೋವೆಯ ದಿವಾಡಿ ದ್ವೀಪದ ಒಂದೇ ಕಟ್ಟೆಯಲ್ಲಿ ನಿರ್ಮಾಣಗೊಂಡವು. ಮ್ಹಾದೇಯಿಯಲ್ಲಿ ದಿಲೀಪ್ ದೋಂದೆ 2009-10ರಲ್ಲಿ ಬಂದರುಗಳಲ್ಲಿ ತಂಗುತ್ತ ಏಕಾಂಗಿಯಾಗಿ ಭೂಮಿಯನ್ನು ಸುತ್ತಿ ಬಂದರು. 2012-13ರಲ್ಲಿ ಅಭಿಲಾಷ್ ಟಾಮಿ ಎಲ್ಲಿಯೂ ನಿಲ್ಲದೆ ಅದೇ ಸಾಧನೆ ಮಾಡಿದರು. ಸುಮಾರು 17 ಮೀಟರ್ ಉದ್ದದ ತಾರಿಣಿ 2017ರ ಫೆಬ್ರುವರಿಯಲ್ಲಿ ನೌಕಾಪಡೆಗೆ ಸೇರಿತು. ಅದೇ ವರ್ಷದ ಸೆಪ್ಟೆಂಬರ್ 10ರಂದು ವರ್ತಿಕಾ ಜೋಶಿ, ಪ್ರತಿಭಾ ಜಮ್ವಾಲ್, ಪಿ. ಸ್ವಾತಿ, ಐಶ್ವರ್ಯಾ ಬೊಡ್ಡಪಾಟಿ, ಎಸ್. ವಿಜಯಾ ದೇವಿ ಮತ್ತು ಪಾಯಲ್ ಗುಪ್ತಾ ಎಂಬ ಆರು ಮಹಿಳಾ ಅಧಿಕಾರಿಗಳು ಗೋವೆಯಿಂದ ಹೊರಟು 2018ರ ಮೇ 21ರಂದು ಮರಳಿದರು. ಈ ಯಾನಕ್ಕೆ 'ನಾವಿಕಾ ಸಾಗರ ಪರಿಕ್ರಮ' ಎಂದು ಹೆಸರು.

ಒಟ್ಟು 254 ದಿನಗಳಲ್ಲಿ ಸುಮಾರು 200 ದಿನ ಅವರು ನೀರಿನ ಮೇಲೆಯೇ ಇದ್ದು, 21,600 ನಾಟಿಕಲ್ ಮೈಲು ಸಾಗಿದರು. ಒಂದು ನಾಟಿಕಲ್ ಮೈಲು 1.852 ಕಿಲೋಮೀಟರ್. ಲೆಕ್ಕ ಹಾಕಿದರೆ ಸರಾಸರಿ ದಿನಕ್ಕೆ ಸುಮಾರು 200 ಕಿ.ಮೀ., ಅಂದರೆ ಗಂಟೆಗೆ ಎಂಟು ಕಿ.ಮೀ.ಗಿಂತ ತುಸು ಹೆಚ್ಚು. ಸೈಕಲ್ ತುಳಿಯುವವನು ಇದಕ್ಕಿಂತ ವೇಗವಾಗಿ ಹೋಗುತ್ತಾನೆ. ವ್ಯತ್ಯಾಸವೇನೆಂದರೆ ದೋಣಿ ರಾತ್ರಿಯೂ ನಿಲ್ಲುವುದಿಲ್ಲ. ಆಳ ಸಾಗರದಲ್ಲಿ ಲಂಗರು ಹಾಕಿ ಮಲಗುವ ಅವಕಾಶವಿಲ್ಲ. ದಿನಚರಿಯ ವೈಚಿತ್ರ್ಯವೆಲ್ಲ ಹುಟ್ಟುವುದು ಈ ಒಂದು ಸಂಗತಿಯಿಂದ.

ಕಾವಲು ಮತ್ತು ನಿದ್ರೆ

ದಿನವನ್ನು ಹಗಲು-ರಾತ್ರಿಗಳಾಗಿ ವಿಂಗಡಿಸದೆ ಪಾಳಿಗಳಾಗಿ ವಿಂಗಡಿಸುವುದು ನಾವಿಕರ ಹಳೆಯ ಪದ್ಧತಿ. ಸಾಮಾನ್ಯವಾಗಿ ಒಂದು ಪಾಳಿ ನಾಲ್ಕು ಗಂಟೆಗಳದ್ದು. ಆರು ಜನರನ್ನು ಇಬ್ಬಿಬ್ಬರ ಮೂರು ಜೋಡಿ ಮಾಡಿದರೆ ಪ್ರತಿ ಜೋಡಿಗೆ ನಾಲ್ಕು ಗಂಟೆ ಕಾವಲು, ಎಂಟು ಗಂಟೆ ಬಿಡುವು ದೊರೆಯುತ್ತದೆ. ಆದರೆ ಆ ಬಿಡುವಿನಲ್ಲಿಯೇ ಅಡುಗೆ, ಶುಚಿ, ದುರಸ್ತಿ ನಡೆಯಬೇಕು. ಗಾಳಿ ದಿಕ್ಕು ಬದಲಿಸಿ ಹಾಯಿಯನ್ನು ಕುಗ್ಗಿಸಬೇಕಾಗಿ ಬಂದರೆ ಮಲಗಿದವರೂ ಏಳಬೇಕು. ಆದ್ದರಿಂದ ಅಖಂಡ ನಿದ್ರೆ ಅಪರೂಪ. ದೋಣಿ ಒಂದು ಪಕ್ಕಕ್ಕೆ ವಾಲಿಕೊಂಡೇ ಸಾಗುವುದರಿಂದ ಮಲಗಿದವರು ಉರುಳಿ ಬೀಳದಂತೆ ಹಾಸಿಗೆಯ ಅಂಚಿಗೆ ಗಟ್ಟಿ ಬಟ್ಟೆಯ ತಡೆ ಕಟ್ಟಿರುತ್ತಾರೆ.

ಸಿಬ್ಬಂದಿ ಕಡಿಮೆಯಾದಷ್ಟೂ ಈ ಲೆಕ್ಕ ಕಠಿಣವಾಗುತ್ತದೆ. ಅದೇ ತಾರಿಣಿಯಲ್ಲಿ 2024ರ ಅಕ್ಟೋಬರ್ 2ರಂದು ಹೊರಟ ಎರಡನೆಯ ಪರಿಕ್ರಮದಲ್ಲಿ ಇದ್ದವರು ಇಬ್ಬರೇ: ಕೆ. ದಿಲ್ನಾ ಮತ್ತು ಎ. ರೂಪಾ. ಒಬ್ಬರು ಎಚ್ಚರವಿದ್ದರೆ ಮಾತ್ರ ಇನ್ನೊಬ್ಬರಿಗೆ ನಿದ್ರೆ. ನ್ಯೂಜಿಲೆಂಡಿನ ಲಿಟಲ್ಟನ್‌ನಿಂದ ಫಾಕ್ಲೆಂಡ್ ದ್ವೀಪಗಳವರೆಗಿನ ಹಂತದಲ್ಲಿ ಒಂದೂವರೆ ತಿಂಗಳು ಹೀಗೆಯೇ ನಡೆಯಿತು. ಏಕಾಂಗಿ ನಾವಿಕರಂತೂ ಚುಕ್ಕಾಣಿಯನ್ನು ಸ್ವಯಂಚಾಲಕಕ್ಕೆ ಒಪ್ಪಿಸಿ, ಅಲಾರಾಂ ಇಟ್ಟುಕೊಂಡು ತುಣುಕು ತುಣುಕಾಗಿ ನಿದ್ರಿಸುತ್ತಾರೆ.

ರಾತ್ರಿಯ ಕಾವಲಿನಲ್ಲಿ ದೊಡ್ಡ ಹಡಗುಗಳ ದೀಪ, ಗಾಳಿಯ ದಿಕ್ಕು, ದಿಕ್ಸೂಚಿ, ರೇಡಾರ್ ಇವುಗಳ ಮೇಲೆ ಕಣ್ಣಿರಬೇಕು. ಮೇಲಟ್ಟಕ್ಕೆ ಬರುವವರು ಸೊಂಟ-ಎದೆಗೆ ಬಿಗಿದ ಪಟ್ಟಿಯನ್ನು ಹಗ್ಗದಿಂದ ದೋಣಿಗೆ ಕೊಂಡಿ ಹಾಕಿಕೊಳ್ಳುತ್ತಾರೆ. ಕತ್ತಲೆಯಲ್ಲಿ ನೀರಿಗೆ ಬಿದ್ದವರನ್ನು ಹುಡುಕುವುದು ಬಹುತೇಕ ಅಸಾಧ್ಯ. ದಕ್ಷಿಣ ಸಾಗರದ ಶೀತಜಲದಲ್ಲಿ ಮನುಷ್ಯ ಹೆಚ್ಚು ಹೊತ್ತು ಬದುಕಲಾರ.

ನೀರು ಮತ್ತು ಅಡುಗೆ

ಸುತ್ತಲೂ ನೀರಿದ್ದರೂ ಕುಡಿಯುವ ನೀರು ಅತ್ಯಂತ ಬೆಲೆಯುಳ್ಳ ವಸ್ತು. ಬೇಸಿಗೆಯಲ್ಲಿ ಕೊಡ ನೀರಿಗಾಗಿ ನಡೆದ ಬಯಲುಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟ್ಯಾಂಕಿನಲ್ಲಿ ಒಯ್ದ ನೀರಲ್ಲದೆ, ಕಡಲ ನೀರಿನಿಂದ ಉಪ್ಪು ಬೇರ್ಪಡಿಸುವ ಯಂತ್ರವನ್ನೂ ಈಗಿನ ದೋಣಿಗಳಲ್ಲಿ ಬಳಸುತ್ತಾರೆ. ಯಂತ್ರಕ್ಕೆ ವಿದ್ಯುತ್ ಬೇಕು. ವಿದ್ಯುತ್ತಿಗೆ ಡೀಸೆಲ್ ಅಥವಾ ಬಿಸಿಲು ಬೇಕು. ಆದಕಾರಣ ಸಿಹಿನೀರನ್ನು ಕುಡಿಯಲು ಮತ್ತು ಅಡುಗೆಗೆ ಮೀಸಲಿಟ್ಟು, ಪಾತ್ರೆ ತೊಳೆಯುವುದು ಹಾಗೂ ಸ್ನಾನವನ್ನು ಆದಷ್ಟು ಕಡಲ ನೀರಿನಲ್ಲಿಯೇ ಮುಗಿಸುತ್ತಾರೆ. ಉಪ್ಪುನೀರಿನಲ್ಲಿ ತೊಯ್ದ ಬಟ್ಟೆ ಪೂರ್ತಿ ಒಣಗುವುದಿಲ್ಲ. ಚರ್ಮದ ತುರಿಕೆ ಮತ್ತು ಹುಣ್ಣು ಸಾಮಾನ್ಯ ತೊಂದರೆಗಳು. ಮಳೆ ಬಂದರೆ ಹಾಯಿಯಿಂದ ಇಳಿಯುವ ನೀರನ್ನು ಬಕೆಟ್ಟಿನಲ್ಲಿ ಹಿಡಿಯುತ್ತಾರೆ.

ಒಲೆಯನ್ನು ತೂಗುಗೊಂಡಿಗಳ ಮೇಲೆ ಕೂರಿಸಿರುವುದರಿಂದ ದೋಣಿ ವಾಲಿದರೂ ಅದು ಸಮತಲದಲ್ಲಿ ನಿಲ್ಲುತ್ತದೆ. ಆದರೂ ಕುದಿಯುವ ನೀರು ಚೆಲ್ಲಿ ಸುಟ್ಟುಕೊಳ್ಳುವ ಅಪಾಯವಿದೆ. ತಾಜಾ ತರಕಾರಿ ಮೊದಲ ಕೆಲವು ವಾರಗಳಿಗೆ ಸರಿ. ಈರುಳ್ಳಿ, ಆಲೂಗಡ್ಡೆ ಇನ್ನಷ್ಟು ದಿನ ಬಾಳುತ್ತವೆ. ಅನಂತರ ಅಕ್ಕಿ, ಬೇಳೆ, ಉಪ್ಪಿನಕಾಯಿ, ಡಬ್ಬಿಯ ಆಹಾರಗಳೇ ಗತಿ. ಅಲೆ ಜೋರಾದ ದಿನ ಒಂದೇ ಪಾತ್ರೆಯಲ್ಲಿ ಬೇಯುವ ಕಿಚಡಿಯಂಥದ್ದಕ್ಕೆ ಸಮನಾದ ಊಟ ಬೇರೆ ಇಲ್ಲ.

ಕಾಲ ಮತ್ತು ಹಬ್ಬ

ಪೂರ್ವಾಭಿಮುಖವಾಗಿ ಸಾಗುವ ದೋಣಿಗೆ ಪ್ರತಿ 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆ ಮುಂದಾಗುತ್ತದೆ. ಅಂತರರಾಷ್ಟ್ರೀಯ ದಿನಾಂಕ ರೇಖೆಯನ್ನು ದಾಟಿದಾಗ ಕ್ಯಾಲೆಂಡರಿನಲ್ಲಿ ಒಂದೇ ದಿನಾಂಕ ಎರಡು ಸಲ ಬರುತ್ತದೆ. ಹಬ್ಬಗಳು ನೀರಿನ ಮೇಲೆಯೇ ಕಳೆಯುತ್ತವೆ. 2017ರ ದೀಪಾವಳಿಯ ದಿನ ತಾರಿಣಿಯವರು ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿಗೆ ಇನ್ನೂ ನಾಲ್ಕು ದಿನದ ದೂರದಲ್ಲಿದ್ದರು. ಮರುವರ್ಷದ ಸಂಕ್ರಾಂತಿ ಬಂದಾಗ ಅವರು ಪೆಸಿಫಿಕ್‌ನಲ್ಲಿದ್ದು, ಅದಾದ ಕೆಲವೇ ದಿನಗಳಲ್ಲಿ ಹಾರ್ನ್ ಭೂಶಿರವನ್ನು ದಾಟಿದರು.

ದುರಸ್ತಿ ಮತ್ತು ಅಪಾಯ

ಪ್ರತಿದಿನವೂ ಹಗ್ಗಗಳ ಸವೆತ, ಹಾಯಿಯ ಹೊಲಿಗೆ, ಕೂವೆಕಂಬವನ್ನು ಹಿಡಿದ ತಂತಿಗಳು, ದೋಣಿಯ ತಳದಲ್ಲಿ ಸೇರಿದ ನೀರು ಇವನ್ನು ಪರೀಕ್ಷಿಸಬೇಕು. ಹಗ್ಗವೊಂದು ಒಂದೇ ಜಾಗದಲ್ಲಿ ಉಜ್ಜುತ್ತಿದ್ದರೆ ಅದು ತುಂಡಾಗಲು ಹೆಚ್ಚು ದಿನ ಬೇಕಾಗಿಲ್ಲ. ದಕ್ಷಿಣ ಪೆಸಿಫಿಕ್‌ನ ಬಿರುಗಾಳಿಯನ್ನು ಎದುರಿಸಿ ಗೆದ್ದ ತಾರಿಣಿ, ಕೊನೆಯ ಹಂತದಲ್ಲಿ ಚುಕ್ಕಾಣಿ ವ್ಯವಸ್ಥೆಯ ದೋಷದಿಂದಾಗಿ 2018ರ ಏಪ್ರಿಲ್‌ನಲ್ಲಿ ಮಾರಿಷಸ್ಸಿನ ಪೋರ್ಟ್ ಲೂಯಿಗೆ ಹೋಗಬೇಕಾಯಿತು. ಯೋಜನೆಯಲ್ಲಿ ಆ ಬಂದರು ಇರಲಿಲ್ಲ.

ನೆರವು ಎಷ್ಟು ದೂರವಿರುತ್ತದೆ ಎಂಬುದಕ್ಕೆ ಅಭಿಲಾಷ್ ಟಾಮಿ ಅವರ ಅನುಭವ ಸಾಕ್ಷಿ. ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿದ್ದ ಅವರ ದೋಣಿ 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಕೂವೆ ಮುರಿಯಿತು. ಬೆನ್ನಿಗೆ ತೀವ್ರ ಪೆಟ್ಟಾಗಿ ಏಳಲಾಗದೆ ಮಲಗಿದ್ದ ಅವರನ್ನು ಫ್ರೆಂಚ್ ಮೀನುಗಾರಿಕಾ ಗಸ್ತು ಹಡಗು 'ಒಸಿರಿಸ್' ತಲುಪಿದ್ದು 24ರಂದು. ಇದೇ ಸ್ಪರ್ಧೆಯ 2022-23ರ ಆವೃತ್ತಿಗೆ ಮರಳಿದ ಅವರು ಎರಡನೆಯ ಸ್ಥಾನ ಪಡೆದರು.

ಕರ್ನಾಟಕದ ಸಂಬಂಧ

ಕರಾವಳಿಯ ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಹಿಂದೆ ಹಾಯಿಯಿಂದಲೇ ಸಾಗುತ್ತಿದ್ದವು. ಈಗ ಅವಕ್ಕೆ ಯಂತ್ರ ಬಂದಿದೆ. (ಕೊಪ್ಪಳ ಜಿಲ್ಲೆಯ ಮಂಗಳೂರಿಗೂ ಇದಕ್ಕೂ ಹೆಸರೊಂದೇ. ಆ ಸೀಮೆಯವರಿಗೆ ಪರಿಚಿತವಾದ ಜಲಯಾನವೆಂದರೆ ಆನೆಗೊಂದಿಯಲ್ಲಿ ತುಂಗಭದ್ರೆಯನ್ನು ದಾಟಿಸುವ ಹರಿಗೋಲು.) ಅಜಂತಾ ಚಿತ್ರದ ಆಧಾರದಿಂದ ಹಲಗೆಗಳನ್ನು ಹಗ್ಗದಿಂದ ಹೊಲಿದು ಕಟ್ಟಿದ 'ಕೌಂಡಿನ್ಯ' ಎಂಬ ಹಾಯಿಹಡಗು 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿತು. ಅದರ ಹಾಯಿಯ ಮೇಲೆ ಗಂಡಭೇರುಂಡದ ಚಿತ್ರವಿದೆ. ಯಂತ್ರವಿಲ್ಲದ ಈ ಹಡಗು ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಪೋರಬಂದರಿನಿಂದ ಒಮಾನಿನ ಮಸ್ಕತ್ತಿಗೆ ಹೊರಟಿತು.