ಎಣ್ಣೆಯ ನಾಡಿನಲ್ಲಿ ಗೇರುಬೀಜ: ನೈಜೀರಿಯಾ ದೇಶದಿಂದ ನಮಗೊಂದು ಪಾಠ

ನಮ್ಮ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಆಫ್ರಿಕಾದ ನೈಜೀರಿಯಾ ದೇಶದ ಕಥೆ ಯಾಕೆ ಅಂತ ಸದಸ್ಯ ಬಾಂಧವರು ಕೇಳಬಹುದು. ಕಾರಣ ಇದೆ. ನಮ್ಮ ಗುಡ್ಡಗಳಲ್ಲಿ ಆಗುವ ಬೀಜ ಕರಾವಳಿಯ ಗೇರು ಕಾರ್ಖಾನೆಗಳಿಗೆ ಸಾಲುವುದಿಲ್ಲ. ಭಾರತದ ಕಾರ್ಖಾನೆಗಳಿಗೆ ಬೇಕಾದ ಹಸಿ ಬೀಜದಲ್ಲಿ ಸುಮಾರು ಅರ್ಧ ಭಾಗ, ಕೆಲವು ವರ್ಷ ಅದಕ್ಕೂ ಹೆಚ್ಚು, ಹಡಗಿನಲ್ಲಿ ಹೊರದೇಶದಿಂದಲೇ ಬರಬೇಕು. ಅದರಲ್ಲಿ ಹೆಚ್ಚಿನದು ಆಫ್ರಿಕಾದ್ದು. ಅಲ್ಲಿಯ ರೈತ ಕಷ್ಟಪಟ್ಟು ಹೆಕ್ಕಿದ ಬೀಜವನ್ನು ನಮ್ಮೂರಿನ ಹೆಂಗಸರು ಒಡೆದು ಸುಲಿದು ಸಂಸಾರ ನಡೆಸುತ್ತಾರೆ. ಹೀಗಿರುವಾಗ ಅವರ ಕಥೆ ನಮಗೆ ದೂರದ್ದಲ್ಲ.

ಗೇರು ಮರ ನಮ್ಮದೂ ಅಲ್ಲ, ಅವರದೂ ಅಲ್ಲ. ಅದರ ತವರು ಬ್ರೆಜಿಲ್ ದೇಶ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಗೋವಾ ಮತ್ತು ಮಲಬಾರು ಕರಾವಳಿಗೂ ಆಫ್ರಿಕಾದ ತೀರಗಳಿಗೂ ತಂದರು. ಎರಡೂ ಕಡೆ ಬಹಳ ಕಾಲ ಅದಕ್ಕೆ ಮರ್ಯಾದೆ ಇರಲಿಲ್ಲ. ಬೇರೇನೂ ಬೆಳೆಯದ ಬರಡು ಗುಡ್ಡದಲ್ಲಿ ಮಣ್ಣು ಕೊಚ್ಚಿಹೋಗದಂತೆ ಹಿಡಿಯುವ ಮರ ಅಂತ ಮಾತ್ರ ಲೆಕ್ಕ. ಪೂರ್ವ ನೈಜೀರಿಯಾದ ಉಡಿ ಎಂಬಲ್ಲಿನ ಗುಡ್ಡಗಳಲ್ಲಿ ಕೊರಕಲು ಬಿದ್ದು ಭೂಮಿ ಹಾಳಾಗುತ್ತಿದ್ದಾಗ ಅದನ್ನು ತಡೆಯಲು ಗೇರು ಗಿಡ ನೆಟ್ಟರು. ನಮ್ಮ ಮುರಕಲ್ಲಿನ ಗುಡ್ಡಗಳಿಗೂ ಇದೇ ಕಥೆ ಹೊಂದುತ್ತದೆ.

ಎಣ್ಣೆ ಸಿಗುವ ಮುಂಚೆ ನೈಜೀರಿಯಾ ಬದುಕಿದ್ದು ಮಣ್ಣಿನಿಂದ. ಉತ್ತರದ ಕಾನೋ ಪಟ್ಟಣದಲ್ಲಿ ಕಡಲೆಕಾಯಿ ಮೂಟೆಗಳನ್ನು ಗೋಪುರದ ಹಾಗೆ ಪೇರಿಸಿಡುತ್ತಿದ್ದರು. ಪಶ್ಚಿಮದಲ್ಲಿ ಕೋಕೋ, ಪೂರ್ವದಲ್ಲಿ ತಾಳೆ ಎಣ್ಣೆ. ಪಶ್ಚಿಮ ಪ್ರಾಂತ್ಯದಲ್ಲಿ ಒಬಾಫೆಮಿ ಅವೊಲೊವೊ ಅವರ ಸರ್ಕಾರ 1955ರಲ್ಲಿ ಮಕ್ಕಳಿಗೆಲ್ಲ ಉಚಿತ ಪ್ರಾಥಮಿಕ ಶಿಕ್ಷಣ ಕೊಟ್ಟದ್ದಕ್ಕೆ ಕೋಕೋ ಹಣದ ಬಲವಿತ್ತು. ಇಬಾದಾನ್ ನಗರದಲ್ಲಿ 1965ರಲ್ಲಿ ಎದ್ದು ನಿಂತ ಎತ್ತರದ ಕಟ್ಟಡಕ್ಕೆ ಇಂದಿಗೂ ಕೋಕೋ ಹೌಸ್ ಅಂತಲೇ ಹೆಸರು.

ಸಹಕಾರಿಗಳಾದ ನಾವು ಇಲ್ಲಿ ಒಂದು ಸಂಗತಿ ಗಮನಿಸಬೇಕು. ನಮ್ಮ ದೇಶದಲ್ಲಿ 1904ರಲ್ಲಿ ಸಹಕಾರ ಕಾಯಿದೆ ಬಂತು, ಮರುವರ್ಷ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದರು. ನೈಜೀರಿಯಾಕ್ಕೆ ಸಹಕಾರ ಪದ್ಧತಿ ಹೇಗೆ ತರಬಹುದು ಅಂತ 1934ರಲ್ಲಿ ವರದಿ ಬರೆದವರು ಸಿ. ಎಫ್. ಸ್ಟ್ರಿಕ್‌ಲ್ಯಾಂಡ್ ಎಂಬ ಅಧಿಕಾರಿ. ಅವರು ಅದಕ್ಕೆ ಮುಂಚೆ ನಮ್ಮ ಪಂಜಾಬಿನಲ್ಲಿ ಸಹಕಾರ ಸಂಘಗಳ ರಿಜಿಸ್ಟ್ರಾರ್ ಆಗಿದ್ದವರು! 1935ರಲ್ಲಿ ಅಲ್ಲಿ ಸಹಕಾರ ಕಾನೂನು ಬಂತು. ಕೋಕೋ ಬೆಳೆಗಾರರು ಸಂಘ ಕಟ್ಟಿ, ಬೀಜವನ್ನು ಚೆನ್ನಾಗಿ ಒಣಗಿಸಿ, ಒಟ್ಟಾಗಿ ಮಾರಿದರು. ಅಂದರೆ ನಮ್ಮ ಮಣ್ಣಿನ ಅನುಭವವೇ ಅಲ್ಲಿಗೂ ಹೋಯಿತು ಎನ್ನಬಹುದು.

1950ರ ದಶಕದ ಆರಂಭದಲ್ಲಿ ಅಲ್ಲಿಯ ಪೂರ್ವ ಮತ್ತು ಪಶ್ಚಿಮ ಪ್ರಾಂತ್ಯಗಳ ಅಭಿವೃದ್ಧಿ ನಿಗಮಗಳು ಗೇರು ತೋಟಗಳನ್ನು ಹಾಕಿದವು. ಪೂರ್ವದಲ್ಲಿ ಓಘೆ, ಓಜಿ, ಂಬಾಲಾ. ಪಶ್ಚಿಮದಲ್ಲಿ ಎರುವಾ ಮತ್ತು ಮೇಲಣ ಓಗುನ್ ಪ್ರದೇಶ. ಗೇರು ಒಂದು ವ್ಯಾಪಾರದ ಬೆಳೆ ಅಂತ ಆಗ ತಿಳಿಯಿತು. ಆದರೆ ಗಿಡಗಳು ಮರವಾಗುವಷ್ಟರಲ್ಲಿ ದೇಶದ ಕಣ್ಣು ಬೇರೆ ಕಡೆ ತಿರುಗಿತ್ತು.

1956ರಲ್ಲಿ ಓಲೊಯಿಬಿರಿ ಎಂಬ ಹಳ್ಳಿಯಲ್ಲಿ ಶೆಲ್ ಬಿಪಿ ಕಂಪೆನಿಗೆ ಕಚ್ಚಾ ತೈಲ ಸಿಕ್ಕಿತು. 1958ರಲ್ಲಿ ಮೊದಲ ರಫ್ತು, 1960ರಲ್ಲಿ ಸ್ವಾತಂತ್ರ್ಯ. 1967ರಿಂದ 1970ರ ತನಕ ನಡೆದ ಅಂತರ್ಯುದ್ಧದಲ್ಲಿ ಪೂರ್ವ ಪ್ರಾಂತ್ಯ ನಲುಗಿಹೋಯಿತು. ಅದರ ಬೆನ್ನಿಗೇ 1973ರಲ್ಲಿ ಜಗತ್ತಿನ ಎಣ್ಣೆಯ ಬೆಲೆ ಮೂರು ನಾಲ್ಕು ಪಟ್ಟು ಏರಿತು. ಕೆಲವೇ ವರ್ಷಗಳಲ್ಲಿ ದೇಶದ ರಫ್ತು ಆದಾಯದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಎಣ್ಣೆಯಿಂದಲೇ ಬರತೊಡಗಿತು.

ದುಡ್ಡು ಬಂದರೆ ಒಳ್ಳೆಯದೇ ಅಲ್ಲವೇ? ಆದರೆ ಆದದ್ದು ನೋಡಿ. ಎಣ್ಣೆಯ ಡಾಲರು ಹರಿದು ಬಂದಾಗ ಅವರ ನಾಣ್ಯ ನೈರಾಕ್ಕೆ ಬೆಲೆ ಏರಿತು. ಹೊರಗಿನ ಅಕ್ಕಿ, ಗೋಧಿ ಅಗ್ಗವಾಯಿತು. ಊರಿನ ರೈತ ಬೆಳೆದದ್ದನ್ನು ರಫ್ತು ಮಾಡಿದರೆ ಕೈಗೆ ಸಿಗುವ ನೈರಾ ಕಡಿಮೆಯಾಯಿತು. ಹೊಲ ಬಿಟ್ಟು ಹುಡುಗರು ಪಟ್ಟಣ ಸೇರಿದರು. ಬರ ಮತ್ತು ಗಿಡದ ರೋಗವೂ ಸೇರಿಕೊಂಡು ಕಾನೋದ ಕಡಲೆಕಾಯಿ ಗೋಪುರಗಳು ಕಣ್ಮರೆಯಾದವು. ಎಣ್ಣೆ ಬಾವಿಗೆ ಬೇಕಾದದ್ದು ಸ್ವಲ್ಪ ಜನ, ದೊಡ್ಡ ಯಂತ್ರ. ಸಾವಿರಾರು ಹಳ್ಳಿಗಳಿಗೆ ಅದರಿಂದ ಕೆಲಸ ಹುಟ್ಟಲಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತ ನಮ್ಮ ಹಿರಿಯರು ಹೇಳಿದ್ದು ಮನೆಗೆ ಮಾತ್ರವಲ್ಲ, ದೇಶಕ್ಕೂ ಸಲ್ಲುತ್ತದೆ.

1986ರಲ್ಲಿ ಎಣ್ಣೆಯ ಬೆಲೆ ಕುಸಿದುಬಿತ್ತು. ಸಾಲ ತಲೆಯ ಮೇಲೆ ಬಂತು. ಆ ವರ್ಷ ಸರ್ಕಾರ ಆರ್ಥಿಕ ನೀತಿ ಬದಲಿಸಿ, ಬೆಳೆ ಕೊಳ್ಳುವ ಸರ್ಕಾರಿ ಮಂಡಳಿಗಳನ್ನು ಮುಚ್ಚಿತು. ನೈರಾದ ಬೆಲೆ ಇಳಿದದ್ದರಿಂದ ರಫ್ತಿನ ಬೆಳೆಗೆ ಒಳ್ಳೆಯ ಕ್ರಯ ಬಂತು. ಖಾಸಗಿ ವ್ಯಾಪಾರಿಗಳು ಹಳ್ಳಿಗೆ ಬಂದು ಗೇರುಬೀಜ ಕೇಳಿದರು. ಹಳೇ ಮರಗಳ ಬುಡ ಮತ್ತೆ ಚೊಕ್ಕಟವಾಯಿತು. ಕೋಗಿ, ಕ್ವಾರಾ, ಓಯೋ, ಎನುಗು ರಾಜ್ಯಗಳಲ್ಲಿ ಸಣ್ಣ ರೈತರೇ ಹೊಸ ಗಿಡ ನೆಟ್ಟರು. ಅದರಲ್ಲೂ ಕೋಗಿ ಮುಂದೆ ಬಂತು.

2014ರಿಂದ ಮತ್ತೊಮ್ಮೆ ಎಣ್ಣೆ ಕುಸಿಯಿತು. 2016ರಲ್ಲಿ ನೈಜೀರಿಯಾ ಕಾಲು ಶತಮಾನದಲ್ಲೇ ಕಾಣದ ಆರ್ಥಿಕ ಹಿಂಜರಿತ ಕಂಡಿತು. ಆಗ ಅಲ್ಲಿಯ ರಫ್ತು ಪ್ರೋತ್ಸಾಹ ಮಂಡಳಿ 'ಶೂನ್ಯ ತೈಲ ಯೋಜನೆ' ಎಂಬುದನ್ನು ಮುಂದಿಟ್ಟಿತು. ನಾಳೆ ಎಣ್ಣೆಯೇ ಇಲ್ಲ ಅಂತ ಇಟ್ಟುಕೊಂಡು ದೇಶ ಹೇಗೆ ಬದುಕಬೇಕು ಎಂಬ ಯೋಚನೆ ಅದು. ಆ ಪಟ್ಟಿಯಲ್ಲಿ ಕೋಕೋ, ಎಳ್ಳುಗಳ ಜೊತೆ ಗೇರುಬೀಜಕ್ಕೂ ಜಾಗ ಸಿಕ್ಕಿತು.

ಇಲ್ಲಿ ನಾವು ಹೇಳಬೇಕಾದ ಮಾತು ಒಂದಿದೆ. ಎಣ್ಣೆ ಇಳಿದಾಗ ಸರ್ಕಾರಕ್ಕೆ ರೈತನ ನೆನಪು, ಏರಿದಾಗ ಮರೆವು. ಆದರೆ ಗೇರು ಮರ ಆ ಲೆಕ್ಕದಲ್ಲಿ ಬೆಳೆಯುವುದಿಲ್ಲ. ಕಸಿ ಗಿಡವಾದರೂ ಫಸಲಿಗೆ ಮೂರು ವರ್ಷ ಬೇಕು, ಬೀಜದ ಗಿಡಕ್ಕೆ ಇನ್ನೂ ಹೆಚ್ಚು. ಮರ ನೆಟ್ಟ ಮಾತ್ರಕ್ಕೆ ಉದ್ಯಮವೂ ಆಗುವುದಿಲ್ಲ. ನೈಜೀರಿಯಾದ ಬೀಜದಲ್ಲಿ ಬಹುಪಾಲು ಇಂದಿಗೂ ಹಸಿಯಾಗಿಯೇ ವಿಯೆಟ್ನಾಂ ಮತ್ತು ಭಾರತಕ್ಕೆ ಹೋಗುತ್ತದೆ. ಒಡೆಯುವ, ಸುಲಿಯುವ, ವಿಂಗಡಿಸುವ ಕೂಲಿಯೂ ಲಾಭವೂ ಹೊರಗೇ ಉಳಿಯುತ್ತದೆ.

ಕಾರ್ಖಾನೆ ಅಲ್ಲೇ ಯಾಕೆ ಬೇಕಾದಷ್ಟು ಬೆಳೆಯಲಿಲ್ಲ? ಕರೆಂಟು ನೆಚ್ಚುವಂತಿಲ್ಲ, ಸಾಲಕ್ಕೆ ಬಡ್ಡಿ ಜಾಸ್ತಿ, ರಸ್ತೆ ಸರಿಯಿಲ್ಲ. 2018ರ ಸುಮಾರಿಗೆ ಲಾಗೋಸಿನ ಬಂದರು ದಾರಿಯಲ್ಲಿ ಲಾರಿಗಳು ಸಾಲುಗಟ್ಟಿ, ಬೀಜ ತುಂಬಿದ ಕಂಟೇನರುಗಳು ತಿಂಗಳುಗಟ್ಟಲೆ ಸಿಕ್ಕಿಬಿದ್ದವು. ಇದಲ್ಲದೆ ಬೀಜದ ಸಿಪ್ಪೆಯ ಸೊನೆ ಕೈ ಸುಡುತ್ತದೆ, ತಿರುಳು ಮುರಿದರೆ ಬೆಲೆ ಅರ್ಧ. ಆ ಕೈಚಳಕ ಒಂದು ದಿನದಲ್ಲಿ ಬರುವುದಲ್ಲ. ಮಂಗಳೂರಿನಲ್ಲಿ 1920ರ ದಶಕದಿಂದ ನಮ್ಮ ತಾಯಂದಿರು, ಅಕ್ಕಂದಿರು ಕೈ ಕಪ್ಪು ಮಾಡಿಕೊಂಡು ಕಲಿತ ವಿದ್ಯೆ ಅದು. ಅದನ್ನು ನಾವು ಅಗ್ಗವಾಗಿ ಎಣಿಸಬಾರದು.

ಬೀಜದ ಕ್ರಯ ನಿಲ್ಲುವುದು ತಿರುಳಿನ ಲೆಕ್ಕದ ಮೇಲೆ. 80 ಕಿಲೋ ಮೂಟೆಗೆ ಎಷ್ಟು ಪೌಂಡು ಒಳ್ಳೆಯ ತಿರುಳು ಬರುತ್ತದೆ ಅಂತ ಕತ್ತರಿಸಿ ನೋಡುತ್ತಾರೆ. 48 ಪೌಂಡು ಬಂದರೆ ಅದು ಸುಮಾರು 22 ಕಿಲೋ. ಬಲಿಯದ ಬೀಜ ಕಿತ್ತು, ಸರಿಯಾಗಿ ಒಣಗಿಸದೆ ಮೂಟೆ ಕಟ್ಟಿದರೆ ಲೆಕ್ಕ ಇಳಿಯುತ್ತದೆ. ಕೈಯಲ್ಲಿ ಕಾಸಿಲ್ಲದ ರೈತ ಅವಸರಕ್ಕೆ ಮಾರುತ್ತಾನೆ. ನಷ್ಟ ಅವನದು, ತಕ್ಕಡಿ ವ್ಯಾಪಾರಿಯದು.

ಮೊಜಾಂಬಿಕ್ ದೇಶದ ಕಥೆಯೂ ನೆನಪಿರಲಿ. 1970ರ ದಶಕದ ಆರಂಭದಲ್ಲಿ ಅದು ಗೇರಿನಲ್ಲಿ ಜಗತ್ತಿಗೇ ಮುಂದಿತ್ತು, ಸ್ವಂತ ಕಾರ್ಖಾನೆಗಳೂ ಇದ್ದವು. 1990ರ ದಶಕದಲ್ಲಿ ವಿಶ್ವ ಬ್ಯಾಂಕಿನ ಸಲಹೆಯಂತೆ ಹಸಿ ಬೀಜದ ರಫ್ತಿನ ಮೇಲಿನ ಸುಂಕ ಇಳಿಸಿದ ಮೇಲೆ ಬೀಜ ಭಾರತದ ಕಡೆ ಹರಿಯಿತು, ಅಲ್ಲಿಯ ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ಅವರ ಬಾಗಿಲು ಮುಚ್ಚಿದಾಗ ನಮ್ಮ ಬಾಗಿಲು ತೆರೆದಿತ್ತು ಎಂಬುದನ್ನು ನಾವು ಮರೆಯಬಾರದು. ನೈಜೀರಿಯಾ ನಾಳೆ ತನ್ನ ಬೀಜ ತಾನೇ ಒಡೆಯಲು ಹೊರಟರೆ ಅದು ಅವರ ನ್ಯಾಯವಾದ ಹಕ್ಕು. ಆ ದಿನಕ್ಕೆ ನಾವು ಈಗಲೇ ತಯಾರಾಗಬೇಕು.

ತಯಾರಿ ಅಂದರೆ ದೊಡ್ಡ ಮಾತೇನಲ್ಲ. ಹಳೇ ಮರ ತೆಗೆದ ಕಡೆ ಪುತ್ತೂರಿನ ಗೇರು ಸಂಶೋಧನಾ ಕೇಂದ್ರ, ಉಳ್ಳಾಲದ ಸಂಶೋಧನಾ ಕೇಂದ್ರಗಳ ಒಳ್ಳೆಯ ತಳಿಯ ಕಸಿ ಗಿಡ ನೆಡುವುದು. ಬಿದ್ದ ಬೀಜವನ್ನೇ ಹೆಕ್ಕಿ ಎರಡು ಮೂರು ಬಿಸಿಲು ಕೊಟ್ಟು ಒಣಗಿಸುವುದು. ಮಳೆಗೆ ಹೆದರಿ ಸಿಕ್ಕಿದ ಕ್ರಯಕ್ಕೆ ಕೊಡುವ ಬದಲು ಸಂಘದ ಮೂಲಕ ಒಟ್ಟು ಹಾಕಿ, ನಮ್ಮದೇ ತಕ್ಕಡಿಯಲ್ಲಿ ತೂಗಿ ಮಾರುವುದು. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಅಂತಾರೆ. ಕೋಟಿಗಟ್ಟಲೆ ಎಣ್ಣೆಯ ಹಣ ಇದ್ದ ದೇಶಕ್ಕೂ ಕಷ್ಟಕಾಲದಲ್ಲಿ ನೆನಪಾದದ್ದು ಗುಡ್ಡದ ಮೇಲಿನ ಮರವೇ. ಆ ಮರ ನಮ್ಮ ಗುಡ್ಡದಲ್ಲೂ ಇದೆ. ಅದನ್ನು ಸುಭಿಕ್ಷದ ಕಾಲದಲ್ಲೂ ಮರೆಯದೆ ನೋಡಿಕೊಳ್ಳುವ ಬುದ್ಧಿ ಸಂಘದ ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ನಮಗೆಲ್ಲ ಇರಲಿ.