ಸಿನಿಮಾಕ್ಕೆ 'ಎ' ಬಂತು, ಗೇಮಿಗೆ ಯಾಕೆ ಬರಲಿಲ್ಲ?

ಸಿನಿಮಾ ಪೋಸ್ಟರಿನ ಮೂಲೆಯಲ್ಲಿ 'ಎ' ಅಂತ ಇದ್ದರೆ ಅದರ ಅರ್ಥ ಓದು ಬಾರದವರಿಗೂ ಗೊತ್ತು. 1998ರಲ್ಲಿ ಉಪೇಂದ್ರ ಆ ಅಕ್ಷರವನ್ನೇ ತಮ್ಮ ಚಿತ್ರದ ಹೆಸರು ಮಾಡಿದಾಗ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಆದರೆ ಮನೆಯ ಹುಡುಗ ಮೊಬೈಲಿನಲ್ಲಿ ಆಡುವ ಗೇಮಿನ ಪಕ್ಕ '16+' ಅಂತಿದ್ದರೆ ಅದೇನು, ಯಾರು ಹಾಕಿದ್ದು ಎಂದು ಹೇಳುವವರು ಹೊಳಲ್ಕೆರೆಯಲ್ಲಾಗಲಿ ಹೊಸದುರ್ಗದಲ್ಲಾಗಲಿ ಸುಲಭಕ್ಕೆ ಸಿಗುವುದಿಲ್ಲ.

ಸಿನಿಮಾದ 'ಎ' ಬಂದದ್ದು ಕಾನೂನಿನಿಂದ. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಎಲ್ಲರೂ ನೋಡಬಹುದಾದ ಚಿತ್ರಕ್ಕೆ 'ಯು', 18 ತುಂಬಿದವರಿಗೆ ಮಾತ್ರ ಎನ್ನುವ ಚಿತ್ರಕ್ಕೆ 'ಎ' ಎಂದು ಗೆರೆ ಎಳೆಯಿತು. ನಿರ್ದೇಶಕ ಕೆ.ಎ. ಅಬ್ಬಾಸ್ ತಮ್ಮ ಸಾಕ್ಷ್ಯಚಿತ್ರಕ್ಕೆ 'ಯು' ಸಿಗಲಿಲ್ಲವೆಂದು ಸುಪ್ರೀಂ ಕೋರ್ಟಿಗೆ ಹೋದರು. 1970ರಲ್ಲಿ ಕೋರ್ಟು, ವಯಸ್ಸಿನ ಪ್ರಕಾರ ಚಿತ್ರಗಳನ್ನು ವಿಂಗಡಿಸುವುದು ಸರಿ ಎಂದಿತು. 1983ರಲ್ಲಿ 'ಯು/ಎ' ಸೇರಿತು. 2023ರ ತಿದ್ದುಪಡಿಯಲ್ಲಿ ಅದೂ 7, 13, 16 ಎಂದು ಮೂರು ಭಾಗವಾಯಿತು.

ಗೇಮಿನ ಕಥೆ ಬೇರೆ ದಾರಿ ಹಿಡಿಯಿತು. ಮೊದಲು ಬಂದದ್ದು ವಿಡಿಯೋ ಪಾರ್ಲರ್. ಅವುಗಳ ಮೇಲೆ ಹಿಡಿತಕ್ಕೆ ಕರ್ನಾಟಕ 1983ರಲ್ಲೇ ವಿಸಿಆರ್ ಪ್ರದರ್ಶನದ ಕಾಯ್ದೆ ಮಾಡಿತು. ಆಮೇಲೆ ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಯಂತ್ರಗಳು ಬಂದವು. ಅವಕ್ಕೆ ಹೊಸ ಕಾಯ್ದೆ ಬರಲಿಲ್ಲ. 1963ರ ಪೊಲೀಸ್ ಕಾಯ್ದೆಯನ್ನೇ ಬಳಸಿದರು. ಆ ಕಾಯ್ದೆ ಆದಾಗ ಮುಖ್ಯಮಂತ್ರಿ ನಮ್ಮವರೇ ಆದ ಎಸ್. ನಿಜಲಿಂಗಪ್ಪ. (1962ರಲ್ಲಿ ಹೊಸದುರ್ಗದಲ್ಲಿ ಸೋತು, ಬಾಗಲಕೋಟೆಯಿಂದ ಆಯ್ಕೆಯಾಗಿ ಮುಖ್ಯಮಂತ್ರಿಯಾದವರು. ನಮ್ಮ ಹಿರಿಯರು ಇವತ್ತಿಗೂ ಅದನ್ನು ಮಾತಾಡುತ್ತಾರೆ.) ಟಿವಿಯೇ ಇಲ್ಲದ ಊರುಗಳ ಕಾಲದಲ್ಲಿ ಬರೆದ ಕಾಯ್ದೆ ಅದು.

ಆ ಕಾಯ್ದೆಯಡಿ 1989ರಲ್ಲಿ ಬೆಂಗಳೂರು ನಗರಕ್ಕೆ ಸಾರ್ವಜನಿಕ ಮನರಂಜನಾ ಸ್ಥಳಗಳ ಲೈಸೆನ್ಸ್ ಆದೇಶ ಬಂತು. ನಮ್ಮ ಅಂಗಡಿಗೆ ಇದು ಅನ್ವಯಿಸುವುದಿಲ್ಲ ಎಂದು ವಿಡಿಯೋ ಗೇಮ್ ಮಾಲೀಕರು ದಾವೆ ಹೂಡಿದರು. ಎಂ.ಜೆ. ಶಿವಾನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಈ ಕೇಸು ಸುಪ್ರೀಂ ಕೋರ್ಟು ಮುಟ್ಟಿತು. 1995ರಲ್ಲಿ ತೀರ್ಪು: ವಿಡಿಯೋ ಗೇಮ್ ಅಂಗಡಿಗೂ ಲೈಸೆನ್ಸ್ ಬೇಕು. ಇಡೀ ವಾದ ನಡೆದದ್ದು ಜೂಜು ಮತ್ತು ಲೈಸೆನ್ಸ್ ಸುತ್ತ. ತೆರೆಯ ಮೇಲೆ ಎಷ್ಟು ರಕ್ತ ಹರಿಯುತ್ತದೆ, ಅದು ಯಾವ ವಯಸ್ಸಿನವರಿಗೆ ಎಂಬುದು ಅಲ್ಲಿನ ಪ್ರಶ್ನೆಯಾಗಿರಲಿಲ್ಲ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಆ ಪ್ರಶ್ನೆಯೇ ಎದ್ದಿತ್ತು. 'ಮಾರ್ಟಲ್ ಕಾಂಬ್ಯಾಟ್' ಎಂಬ ಹೊಡೆದಾಟದ ಗೇಮನ್ನು ಹಿಡಿದು 1993ರಲ್ಲಿ ಸೆನೆಟ್ ವಿಚಾರಣೆ ನಡೆಸಿತು. 1994ರಲ್ಲಿ ಕಂಪನಿಗಳೇ ಸೇರಿ ವಯಸ್ಸಿನ ಗುರುತು ಕೊಡುವ ಮಂಡಳಿ ಕಟ್ಟಿಕೊಂಡವು. ಆಸ್ಟ್ರೇಲಿಯಾದ ಜಗಳ ಇನ್ನೂ ಸ್ವಾರಸ್ಯ. ಅಲ್ಲಿ ಸಿನಿಮಾಕ್ಕೆ 18ರ ಗುರುತಿತ್ತು, ಗೇಮಿಗೆ 15ಕ್ಕೇ ನಿಂತಿತ್ತು. ಅದನ್ನು ಮೀರಿದ ಗೇಮು ಬಂದರೆ ಎರಡೇ ದಾರಿ: ಪೂರ್ತಿ ನಿಷೇಧಿಸಬೇಕು, ಇಲ್ಲವೇ ಹೇಗೋ 15ರೊಳಗೆ ತೂರಿಸಬೇಕು. ಹೀಗಾಗಿ ದೊಡ್ಡವರ ಗೇಮುಗಳು 15ರ ಹುಡುಗರ ಕೈಗೆ ಹೋಗುತ್ತಿವೆ ಎಂಬುದೇ ಬದಲಾವಣೆ ಕೇಳಿದವರ ದೊಡ್ಡ ವಾದ. ಎಲ್ಲ ರಾಜ್ಯಗಳ ಸಚಿವರೂ ಒಪ್ಪಬೇಕಿತ್ತು. ದಕ್ಷಿಣ ಆಸ್ಟ್ರೇಲಿಯಾದ ಮೈಕೆಲ್ ಅಟ್ಕಿನ್ಸನ್ ವರ್ಷಗಟ್ಟಲೆ ಒಪ್ಪಲಿಲ್ಲ. ಸರ್ಕಾರ ಜನರ ಅಭಿಪ್ರಾಯ ಕೇಳಿದಾಗ 58 ಸಾವಿರಕ್ಕೂ ಹೆಚ್ಚು ಪತ್ರ ಬಂದವು, ಹೆಚ್ಚುಕಡಿಮೆ ಎಲ್ಲವೂ ಬೇಕು ಎನ್ನುವವೇ. 2013ರ ಜನವರಿ 1ರಿಂದ ಗೇಮಿಗೂ 18ರ ಗುರುತು ಬಂತು.

ನಮ್ಮಲ್ಲಿ? 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ನಿಷೇಧವಾಯಿತು. ಮಗ ಊಟ ಬಿಟ್ಟು ಆಡುತ್ತಾನೆ ಎಂದು ಗೋಳಾಡಿದ್ದ ತಾಯಂದಿರು ಖುಷಿಪಟ್ಟರು. ಆದರೆ ಸರ್ಕಾರ ಕೊಟ್ಟ ಕಾರಣ ದೇಶದ ಭದ್ರತೆ, ಮಕ್ಕಳಲ್ಲ. ಮರುವರ್ಷ ಅದು ಬೇರೆ ಹೆಸರಲ್ಲಿ ವಾಪಸ್ ಬಂತು. 2021ರಲ್ಲಿ ಕರ್ನಾಟಕ ಅದೇ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಗೇಮ್ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ನಿಷೇಧವನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರವೇ ದೇಶಕ್ಕೆಲ್ಲ ಅಂಥದ್ದೊಂದು ಕಾಯ್ದೆ ಮಾಡಿತು. ಸಾಲಕ್ಕೆ ಬಿದ್ದ ಮನೆಗಳಿಗೆ ಅದು ಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ನಿಷೇಧ 20ಕ್ಕೂ ಒಂದೇ, 60ಕ್ಕೂ ಒಂದೇ. ದುಡ್ಡು ಕಟ್ಟದೆ ಗುಂಡು ಹಾರಿಸುವ ಆಟವನ್ನು ಒಂಬತ್ತು ವರ್ಷದ ಹುಡುಗ ಆಡಬಹುದೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಲೈಸೆನ್ಸ್ ಅಥವಾ ನಿಷೇಧ, ನಮ್ಮವರಿಗೆ ಈ ಎರಡೇ ಅಭ್ಯಾಸ.

ಹಾಗಾದರೆ ಮೊಬೈಲಿನಲ್ಲಿ ಕಾಣುವ 3, 7, 12, 16, 18? ಅದು ನಮ್ಮ ಸೆನ್ಸಾರ್ ಮಂಡಳಿಯದ್ದಲ್ಲ. 2015ರಿಂದ ಗೂಗಲ್ ಪ್ಲೇ ಸ್ಟೋರ್ ಒಂದು ಅಂತರರಾಷ್ಟ್ರೀಯ ಒಕ್ಕೂಟದ ಪದ್ಧತಿ ಬಳಸುತ್ತಿದೆ. ಗೇಮ್ ಮಾಡಿದವರೇ ಪ್ರಶ್ನಾವಳಿ ತುಂಬುತ್ತಾರೆ. ರಕ್ತ ಇದೆಯೇ, ಬೈಗುಳ ಇದೆಯೇ, ಜೂಜು ಇದೆಯೇ ಅಂತ. ಉತ್ತರ ನೋಡಿ ಅಂಕಿ ಬೀಳುತ್ತದೆ. ಥಿಯೇಟರಿನ ಗೇಟಿನಲ್ಲಿ ಮೀಸೆ ಬಂದಿದೆಯೋ ಇಲ್ಲವೋ ಎಂದು ಮುಖ ನೋಡುವವನಾದರೂ ಇದ್ದ. ಇಲ್ಲಿ ಹುಡುಗನ ಕೈಯಲ್ಲಿರುವುದು ಅಪ್ಪನ ಫೋನು, ಅಪ್ಪನ ಅಕೌಂಟು. ಫೋನಿನ ಲೆಕ್ಕದಲ್ಲಿ ಆಡುತ್ತಿರುವವನು ನಲವತ್ತರ ರೈತ.

ಪ್ಲೇ ಸ್ಟೋರಿನಲ್ಲಿ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್ ಎಂದು ಹೋದರೆ ಪಿನ್ ಇಟ್ಟು ವಯಸ್ಸಿನ ಮಿತಿ ಹಾಕಬಹುದು. ಗೆಳೆಯರ ಫೋನಿನಿಂದ ಶೇರ್ ಮಾಡಿಕೊಂಡ ಗೇಮಿಗೆ ಈ ಬೀಗ ತಾಗುವುದಿಲ್ಲ. ಮೊದಲೇ ಇಳಿಸಿಕೊಂಡದ್ದೂ ತಾನಾಗಿ ಅಳಿಸಿ ಹೋಗುವುದಿಲ್ಲ, ಕೈಯಾರೆ ತೆಗೆಯಬೇಕು.